ನೇತ್ರಾಣಿಯ ನೀರಿನಲ್ಲಿ

ಕಲಬುರಗಿಯವರಿಗೆ ನೀರೆಂದರೆ ಕೊಡದಲ್ಲಿ ಅಳೆದು ಬಳಸುವ ವಸ್ತು. ಕಣ್ಣು ಹಾಯುವಷ್ಟು ದೂರ ಎರೆಯ ನೆಲ, ತೊಗರಿಯ ಹೊಲ, ಬೇಸಗೆಯಲ್ಲಿ ನೆತ್ತಿ ಸುಡುವ ಬಿಸಿಲು. ಸಂಜೆಗೆ ತುಸು ತಂಪು ಬೇಕೆಂದರೆ ಅಪ್ಪನ ಕೆರೆಯ ದಂಡೆ. ಅಂಥ ಊರಿನ ಗಂಡಹೆಂಡಿರಿಬ್ಬರು ಮದುವೆಯಾದ ಹನ್ನೆರಡನೆಯ ವರ್ಷದಲ್ಲಿ ಕಡಲಿನ ಒಳಗನ್ನು ಕಂಡು ಬರುವೆವೆಂದು ಹೊರಟರೆಂದರೆ, ಓಣಿಯ ಜನ ಬಾಯ ಮೇಲೆ ಬೆರಳಿಟ್ಟುದರಲ್ಲಿ ಸೋಜಿಗವೇನಿದೆ?

ಆತನು ಬೇಳೆಯ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ಆಕೆಯ ತವರು ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರ. ಪುನೀತ್ ರಾಜ್‌ಕುಮಾರರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದಾಗ ಇಬ್ಬರೂ ಹೋಗಿ ನೋಡಿದ್ದರು. ಆ ನಟ ನೇತ್ರಾಣಿಯ ನೀರಿಗಿಳಿದ ದೃಶ್ಯ ಆಕೆಯ ಕಣ್ಣಿನಲ್ಲಿಯೇ ಉಳಿದುಬಿಟ್ಟಿತು.

“ಒಂದ್ ಸಲ ಹೋಗಿ ಬರೋಣೇನ್ರಿ?” ಎಂದು ಆಕೆ ಕೇಳುವಳು.

“ಇಬ್ಬರಿಗೂ ಈಜು ಬರಲ್ಲ. ನೀರಾಗ ಹೋಗಿ ಏನ್ ಮಾಡೂದು?” ಎಂದು ಆತನು ತಳ್ಳಿಹಾಕುವನು.

ಈಜು ಬಾರದವರನ್ನೂ ಶಿಕ್ಷಕರು ಕೈಹಿಡಿದು ಇಳಿಸುವರೆಂದು ತಿಳಿದ ಮೇಲೆ ನೆವ ಉಳಿಯಲಿಲ್ಲ. ಒಂದು ಜನವರಿಯಲ್ಲಿ ವಿಜಯಪುರ, ಹುಬ್ಬಳ್ಳಿಗಳನ್ನು ದಾಟಿ, ಘಟ್ಟವಿಳಿದು, ಐನೂರು ಕಿಲೋಮೀಟರಿಗೂ ಮಿಕ್ಕ ದಾರಿ ಸವೆಸಿ ದಂಪತಿಗಳು ಮುರುಡೇಶ್ವರವನ್ನು ತಲುಪಿದರು.

ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ನಿಂತ ಕಲ್ಲುಗುಡ್ಡವೇ ನೇತ್ರಾಣಿ. ಮಾಲ್ದೀವ್ಸಿನ ದ್ವೀಪಗಳಲ್ಲಿರುವಂತೆ ಇಲ್ಲಿ ವಿಲಾಸದ ಕುಟೀರಗಳಿಲ್ಲ, ಜನವಸತಿಯೂ ಇಲ್ಲ. ಹಿಂದೆ ನೌಕಾಪಡೆಯವರು ಗುರಿಯ ಅಭ್ಯಾಸಕ್ಕೆ ಇದನ್ನು ಬಳಸಿದ್ದುಂಟು. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ಅತ್ತ ಸುಳಿಯುವಂತಿಲ್ಲ. ಮಳೆ ತೀರಿ ನೀರು ತಿಳಿಯಾದ ಮೇಲೆಯೇ ಯಾತ್ರೆ. ಉಳಿದುಕೊಳ್ಳುವುದು ಮುರುಡೇಶ್ವರದಲ್ಲಿ; ಬೆಳಿಗ್ಗೆ ದೋಣಿಯಲ್ಲಿ ಹೋಗಿ ಅದೇ ದಿನ ಮರಳುವುದು.

ನೀರಿನ ಒಳಗನ್ನು ನೋಡುವುದಕ್ಕೆ ಎರಡು ಬಗೆ. ಕನ್ನಡಕ ಧರಿಸಿ, ಬಾಯಲ್ಲಿ ಕೊಳವೆಯೊಂದನ್ನು ಕಚ್ಚಿ, ಬೋರಲಾಗಿ ತೇಲುತ್ತ ಮೇಲಿನಿಂದ ನೋಡುವುದು ಸ್ನಾರ್ಕೆಲಿಂಗ್. ಗಾಳಿಯ ಉರುಳೆಯನ್ನು ಬೆನ್ನಿಗೆ ಕಟ್ಟಿಕೊಂಡು ಆಳಕ್ಕಿಳಿಯುವುದು ಸ್ಕೂಬಾ. ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಎಂಬವರು 1943ರಲ್ಲಿ ರೂಪಿಸಿದ ಉಪಕರಣವೇ ಇಂದಿನ ಸ್ಕೂಬಾಕ್ಕೆ ತಳಹದಿ.

ಇಳಿಯುವ ಮೊದಲು ಪಾಠವಾಯಿತು. ಎಂಥ ಹೊತ್ತಿನಲ್ಲಿಯೂ ಉಸಿರು ಕಟ್ಟಬಾರದು. ಪ್ರತಿ ಹತ್ತು ಮೀಟರು ಆಳಕ್ಕೆ ಇನ್ನೊಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. ಆಳದಲ್ಲಿ ಎಳೆದ ಗಾಳಿಯನ್ನು ಎದೆಯಲ್ಲಿ ಬಿಗಿಹಿಡಿದು ಮೇಲೇರಿದರೆ ಅದು ಉಬ್ಬಿ ಪುಪ್ಪುಸವನ್ನೇ ಹರಿಯಬಲ್ಲದು. ಇಳಿಯುವಾಗ ಮೂಗು ಹಿಡಿದು ಮೆಲ್ಲನೆ ಊದಿ, ಕಿವಿಯ ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸರಿಗೂಡಿಸಬೇಕು. ಹವಳ ಕಲ್ಲಲ್ಲ, ಸಣ್ಣ ಪ್ರಾಣಿಗಳ ಕೇರಿ, ಅದನ್ನು ಮುಟ್ಟಬಾರದು. ನೀರಿನಲ್ಲಿ ಮಾತಿಲ್ಲವಾದ್ದರಿಂದ ಕೈಸನ್ನೆಯೇ ಭಾಷೆ. ಹೆಬ್ಬೆರಳು ತೋರುಬೆರಳುಗಳನ್ನು ಉಂಗುರ ಮಾಡಿದರೆ ‘ಎಲ್ಲ ಸರಿ’. ಹೆಬ್ಬೆರಳು ಮೇಲೆತ್ತಿದರೆ ‘ಸೊಗಸು’ ಎಂದಲ್ಲ, ‘ಮೇಲಕ್ಕೆ ಹೋಗೋಣ’ ಎಂದರ್ಥ.

ಬಳಿಕ ಆರೋಗ್ಯದ ಪ್ರಶ್ನೆಗಳ ಕಾಗದ ಬಂದಿತು. ಹೃದಯದ ತೊಂದರೆ, ಉಬ್ಬಸ, ಕಿವಿಯ ಬೇನೆ, ನೆಗಡಿ—ಇವೆಯೆ? ಆತನಿಗೆ ಘಟ್ಟವಿಳಿದಂದಿನಿಂದಲೇ ನೆಗಡಿ. ಆದರೆ ಕಟ್ಟಿದ ಹಣ ನೆನಪಾಯಿತು. ಹೆಂಡತಿ ಇಳಿದು ತಾನು ಮೇಲೆಯೇ ಉಳಿಯುವುದು ಹೇಗೆಂಬ ಅಭಿಮಾನವೂ ಅಡ್ಡಬಂದಿತು. ಎಲ್ಲದಕ್ಕೂ ‘ಇಲ್ಲ’ ಎಂದು ಬರೆದು ರುಜು ಹಾಕಿದನು. ವರ್ಷವಿಡೀ ಲೆಕ್ಕವನ್ನು ಪೈಸೆ ತಪ್ಪದೆ ಬರೆಯುವ ಕೈ ಅಂದು ಸುಳ್ಳು ಲೆಕ್ಕ ಬರೆಯಿತು.

ಗುಡ್ಡದ ಮಗ್ಗುಲಲ್ಲಿ ದೋಣಿ ನಿಂತಿತು. ಒಬ್ಬೊಬ್ಬರಿಗೆ ಒಬ್ಬೊಬ್ಬ ಶಿಕ್ಷಕ. ಮೂರು ಮೀಟರು ಇಳಿಯುವಷ್ಟರಲ್ಲಿ ಆತನ ಕಿವಿಯಲ್ಲಿ ಸೂಜಿ ಆಡಿಸಿದಂತಾಯಿತು. ಮೂಗು ಹಿಡಿದು ಊದಿದನು, ಗಾಳಿ ಸರಿಯಲಿಲ್ಲ. ನೆಗಡಿಯಾದಾಗ ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ನಾಳ ಕಟ್ಟಿಕೊಳ್ಳುತ್ತದೆ. ಹಟಕ್ಕೆ ಬಿದ್ದು ಇನ್ನೂ ಇಳಿದರೆ ಕಿವಿಯ ತಮಟೆ ಹರಿಯುವುದೂ ಉಂಟು. ಅಷ್ಟರಲ್ಲಿ ಶಿಕ್ಷಕ ಉಂಗುರದ ಸನ್ನೆ ಮಾಡಿ ಹೇಗಿದೆಯೆಂದು ಕೇಳಿದನು. ನೋವನ್ನು ನುಂಗಿ, ‘ಏನೂ ಇಲ್ಲ, ಸೊಗಸಾಗಿದೆ’ ಎಂದು ಹೇಳುವ ಭರದಲ್ಲಿ ಆತನು ಊರಿನ ರೂಢಿಯಂತೆ ಹೆಬ್ಬೆರಳನ್ನು ಎತ್ತಿ ತೋರಿಸಿದನು.

ಶಿಕ್ಷಕ ಮರುಮಾತಿಲ್ಲದೆ ಆತನನ್ನು ಮೇಲಕ್ಕೆ ಕರೆದೊಯ್ದನು. ಮನಸ್ಸು ಮುಚ್ಚಿಟ್ಟುದನ್ನು ಬೆರಳು ಹೇಳಿಬಿಟ್ಟಿತ್ತು. ದೋಣಿಯ ಅಂಚು ಹಿಡಿದು ಸೀನಿದಾಗ ಇನ್ನು ಮರೆಸುವುದೇನೂ ಉಳಿಯಲಿಲ್ಲ. “ನೆಗಡಿ ಇದ್ದರೆ ಮೊದಲೇ ಹೇಳಬಾರದಿತ್ತೆ?” ಎಂದಷ್ಟೇ ಕೇಳಿ, ಶಿಕ್ಷಕ ಕೊಳವೆಯನ್ನು ಕೈಗಿತ್ತನು.

ಹೀಗೆ ಬೋರಲಾಗಿ ತೇಲುತ್ತ ಆತನು ಕೆಳಗೆ ನೋಡಿದನು. ಹಳದಿ ಪಟ್ಟೆಯ ಮೀನುಗಳ ಹಿಂಡು ಸರಿದು ಹೋಯಿತು. ಅವುಗಳ ಆಚೆ, ಎಂಟು ಮೀಟರು ಆಳದಲ್ಲಿ, ಅವನ ಹೆಂಡತಿ! ಮನೆಯಲ್ಲಿ ಹಲ್ಲಿಗೆ ಹೆದರುವ ಆ ಹೆಂಗಸು ಶಿಕ್ಷಕನ ಕೈಹಿಡಿದು ಬಂಡೆಗಳ ನಡುವೆ ನಿರಾಳವಾಗಿ ಸಾಗಿದ್ದಳು. ಆಕೆಯ ಉಸಿರಿನ ಗುಳ್ಳೆಗಳು ಬೆಳ್ಳಿಯ ನಾಣ್ಯಗಳಂತೆ ಏರಿ ಬಂದು ಅವನ ಮುಖದ ಬಳಿ ಒಡೆಯುತ್ತಿದ್ದವು. ಗುಳ್ಳೆಗಳು ಬರುತ್ತಿರುವವರೆಗೆ ಭಯವಿಲ್ಲವೆಂದು ಆತನು ಒಂದೊಂದನ್ನೂ ಎಣಿಸತೊಡಗಿದನು. ಹನ್ನೆರಡು ವರ್ಷದಲ್ಲಿ ಹೆಂಡತಿಯ ಉಸಿರಿಗೆ ಆತನು ಲೆಕ್ಕವಿಟ್ಟುದು ಅಂದೇ ಮೊದಲು.

ಆಕೆ ಮೇಲೆ ಬಂದವಳೇ ಮುಂಗೈ ಚಾಚಿದಳು. “ನೋಡ್ರಿ, ಕೆಳಗ ಈ ಕೆಂಪು ದಾರ ಮಣ್ಣಿನ ಬಣ್ಣ ಆಗಿತ್ತು! ನಮ್ಮೂರ ಬಾಳೆಹಣ್ಣು ಒಯ್ದಿದ್ದರೂ ಗುರ್ತು ಸಿಗ್ತಿದ್ದಿಲ್ಲ!” ನೀರು ಬೆಳಕಿನಲ್ಲಿಯ ಕೆಂಪನ್ನೇ ಮೊದಲು ಹೀರಿಕೊಳ್ಳುವುದರಿಂದ ಹಾಗಾಗುತ್ತದೆ. ಆಮೇಲೆ ಗಂಡನ ಮೂಗನ್ನು ನೋಡಿ ಆಕೆಯ ದನಿ ಇಳಿಯಿತು. “ನೆಗಡಿ ಅಂತ ನನಗರೆ ಹೇಳಬಾರದೇನ್ರಿ? ಕಿವಿ ಹೋಗಿದ್ದರ ಏನ್ ಮಾಡಬೇಕಿತ್ತು?”

“ನಿನ್ನ ಆಸೆ ಕೆಡಬಾರದಂತ ಸುಮ್ಮನಿದ್ದೆ” ಎಂದನು ಆತನು. ಅದು ಅರ್ಧ ನಿಜ. ಉಳಿದರ್ಧವನ್ನು ರಾತ್ರಿ ಹೇಳಿದನು.

ಅದಕ್ಕೆ ಬೇಕಾದಷ್ಟು ಬಿಡುವೂ ಇತ್ತು. ಆಳಕ್ಕಿಳಿದಾಗ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲು ಕಾಲ ಬೇಕು. ಒಮ್ಮೆ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ವಿಮಾನವೇರಬಾರದೆಂದು ನಿಯಮ. ಎತ್ತರದ ಘಟ್ಟವನ್ನೂ ಅವಸರದಿಂದ ಹತ್ತುವುದು ಲೇಸಲ್ಲ. ಆದ್ದರಿಂದ ದಂಪತಿಗಳು ಆ ರಾತ್ರಿ ಮುರುಡೇಶ್ವರದಲ್ಲಿಯೇ ತಂಗಿ, ಮರುದಿನ ಹೊರಟರು.

ಈಗ ಕಲಬುರಗಿಯ ಆ ಮನೆಯಲ್ಲಿ ಹೊಸದೊಂದು ರೂಢಿ ಬೆಳೆದಿದೆ. ಗಿರಣಿಯಿಂದ ದಣಿದು ಬಂದ ಸಂಜೆ, ಮೈ ಬೆಚ್ಚಗಾದಾಗ, ಮನಸ್ಸಿಗೆ ಭಾರವಾದಾಗ ಆತನು ‘ಏನಿಲ್ಲ’ ಎನ್ನುವುದಿಲ್ಲ. ಬಾಗಿಲಲ್ಲಿ ನಿಂತು ಹೆಬ್ಬೆರಳು ಎತ್ತುತ್ತಾನೆ. ಆಕೆ ಒಲೆ ಆರಿಸಿ ಬಂದು ಹತ್ತಿರ ಕೂಡುತ್ತಾಳೆ.