ಇಸ್ಪೀಟಿನ ಎಲೆಯೂ ದಶಾವತಾರವೂ

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ‘ಎಲೆ’ ಎಂಬ ಮಾತಿಗೆ ಮೂರು ಅರ್ಥಗಳುಂಟು. ಊಟಕ್ಕೆ ಹಾಕುವ ಎಲೆ ಒಂದು. ಅಡಕೆಯೊಡನೆ ಮೆಲ್ಲುವ ಎಲೆ ಇನ್ನೊಂದು. ತೋಟದ ಮನೆಯ ಹಿಂದೆ ಟವಲು ಹಾಸಿ ಹಂಚುವ ಎಲೆ ಮೂರನೆಯದು. ಮೊದಲಿನ ಎರಡಕ್ಕೂ ಸಮಾಜದಲ್ಲಿ ಮರ್ಯಾದೆಯುಂಟು. ಮೂರನೆಯದರ ಸುದ್ದಿ ಪೊಲೀಸಿನವರ ಪ್ರಕಟಣೆಯ ಮೂಲಕವಲ್ಲದೆ ನಮ್ಮ ಪತ್ರಿಕೆಗಳಿಗೆ ಬರುವುದಿಲ್ಲ: ಅಂದರ್-ಬಾಹರ್ ಆಡುತ್ತಿದ್ದ ಇಷ್ಟು ಮಂದಿ ದಸ್ತಗಿರಿ, ಪಣಕ್ಕಿಟ್ಟಿದ್ದ ಇಷ್ಟು ಹಣ ವಶ. ಇಂತಹ ವಿಷಯವನ್ನು ಸಂಪಾದಕೀಯದ ಅಂಕಣಕ್ಕೆ ಏಕೆ ತಂದಿರೆಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ಸಮುದ್ರದಾಚೆಯ ಒಂದು ಎಲೆಯಾಟದ ಜಗಳವೂ, ನಮ್ಮ ಜಿಲ್ಲೆಯ ಗಡಿಯೊಳಗೇ ಮರೆತುಹೋಗುತ್ತಿರುವ ಇನ್ನೊಂದು ಎಲೆಯಾಟದ ಸ್ಥಿತಿಯೂ ಒಟ್ಟಿಗೆ ನಮ್ಮ ಮನಸ್ಸಿಗೆ ಬಂದುದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು.

ಮೊದಲು ಹೊರದೇಶದ ಸಂಗತಿ. ಅಮೆರಿಕಾ ದೇಶದಲ್ಲಿ ೧೯೭೪ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಎಂಬ ಇಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು ಒಬ್ಬನು ಯೋಧ, ಒಬ್ಬನು ಮಾಂತ್ರಿಕ, ಒಬ್ಬನು ಕಳ್ಳ ಎಂದು ಪಾತ್ರ ವಹಿಸುವರು. ಸೂತ್ರಧಾರನೊಬ್ಬನು ಕಥೆಯನ್ನು ನಡೆಸುವನು. ಇಪ್ಪತ್ತು ಮುಖಗಳ ದಾಳವು ಅವರ ಸಾಹಸದ ಫಲವನ್ನು ನಿರ್ಣಯಿಸುವುದು. ೧೯೯೩ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬವರು ರಚಿಸಿದ ‘ಮ್ಯಾಜಿಕ್’ ಎಂಬ ಎಲೆಯಾಟವು ಹೊರಬಂದಿತು. ಇದರಲ್ಲಿ ಎಲೆಗಳನ್ನು ಕೊಂಡು, ಕೂಡಿಸಿ, ವಿನಿಮಯ ಮಾಡಿಕೊಂಡು ತಮ್ಮ ತಮ್ಮ ಕಟ್ಟನ್ನು ತಾವೇ ಸಿದ್ಧಪಡಿಸಿಕೊಳ್ಳಬೇಕು. ಕಾಲಕ್ರಮದಲ್ಲಿ ಈ ಎರಡು ಆಟಗಳೂ ಒಂದೇ ಕಂಪನಿಯ ಸ್ವತ್ತಾದುವು. ೨೦೨೧ರ ಜುಲೈ ತಿಂಗಳಿನಲ್ಲಿ ಮೊದಲನೆಯ ಆಟದ ವೀರರನ್ನೂ ಘಟಸರ್ಪಗಳನ್ನೂ ಎರಡನೆಯ ಆಟದ ಎಲೆಗಳ ಮೇಲೆ ಅಚ್ಚುಹಾಕಿ ಮಾರಾಟಕ್ಕೆ ಬಿಟ್ಟರು.

ಆಗ ಅಭಿಮಾನಿಗಳು ಎರಡು ಮೂರು ಪಕ್ಷಗಳಾದರು. ಬಾಲ್ಯದಿಂದ ತಾವು ವಹಿಸಿದ ಪಾತ್ರಗಳು ಎಲೆಯ ಮೇಲೆ ಕಂಡವೆಂದು ಕೆಲವರು ಹಿಗ್ಗಿದರು. ಒಂದು ಲೋಕದ ಕಥೆಯನ್ನು ಇನ್ನೊಂದು ಲೋಕಕ್ಕೆ ಬೆರಸಿದರೆ ಎರಡೂ ಕೆಡುವುವೆಂದು ಕೆಲವರು ಮುನಿದರು. ಯುಕ್ತಿಯಿಂದ ಗೆಲ್ಲಬೇಕಾದ ಆಟಕ್ಕೆ ದಾಳದ ಅದೃಷ್ಟವನ್ನು ಏಕೆ ತಂದಿರೆಂದು ಮತ್ತೆ ಕೆಲವರು ಕೇಳಿದರು. ಬೆರಕೆ ಅಲ್ಲಿಗೇ ನಿಲ್ಲಲಿಲ್ಲ. ೨೦೨೩ರಲ್ಲಿ ಟಾಲ್ಕೀನ್ ಎಂಬ ಆಂಗ್ಲ ಪಂಡಿತನ ಉಂಗುರದ ಕಥೆ ಎಲೆಗಳ ಮೇಲೆ ಬಂದಿತು. ಒಂದೇ ಒಂದು ಪ್ರತಿಯಾಗಿ ಅಚ್ಚಾಗಿದ್ದ ಉಂಗುರದ ಎಲೆಯನ್ನು ಅಮೆರಿಕಾದ ಗಾಯಕನೊಬ್ಬನು ಸುಮಾರು ೨೦ ಲಕ್ಷ ಡಾಲರಿಗೆ ಕೊಂಡನೆಂದು ವರದಿಯಾಯಿತು. ಕಾಗದದ ಒಂದು ಚೂರಿಗೆ ಈ ಬೆಲೆ!

ಇದನ್ನು ಓದಿ ನಗುವವರು ಸ್ವಲ್ಪ ತಾಳಬೇಕು. ಪಾತ್ರ ವಹಿಸುವ ಹುಚ್ಚು ನಮಗೆ ಹೊಸದೇನೂ ಅಲ್ಲ. ಸುಗ್ಗಿ ಮುಗಿದ ಮೇಲೆ ಈ ಮೂರು ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ‘ಕುರುಕ್ಷೇತ್ರ’ ನಾಟಕದ ಅಭ್ಯಾಸ ಕೇಳಿಬರುವುದು. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದ ಒಕ್ಕಲಿಗನು ರಾತ್ರಿ ದುರ್ಯೋಧನನಾಗುವನು. ಆ ಪಾತ್ರಕ್ಕಾಗಿ ತನ್ನ ಕೈಯಿಂದಲೇ ಹಣ ಕೊಡುವನು. ಹಾರ್ಮೋನಿಯಂ ಮುಂದೆ ಕುಳಿತ ಡ್ರಾಮಾ ಮೇಷ್ಟರು ಗದರಿಸಿದರೆ ತಲೆತಗ್ಗಿಸಿ ಕೇಳುವನು. ಶ್ರೀಕೃಷ್ಣನ ಬಾಯಿಂದ ಸಿನಿಮಾ ಧಾಟಿಯ ಹಾಡು ಬಂದರೆ ಮುಂದಿನ ಸಾಲಿನ ಯಜಮಾನರು ಮುಖ ಸಿಂಡರಿಸುವರು. ಹಿಂದೆ ನಿಂತ ಹುಡುಗರು ‘ಒನ್ಸ್ ಮೋರ್’ ಎಂದು ಕೂಗುವರು. ಅಮೆರಿಕಾದವರ ಜಗಳಕ್ಕೂ ನಮ್ಮ ಚಪ್ಪರದ ಜಗಳಕ್ಕೂ ಜಾತಿ ಒಂದೇ. ಇದು ನನ್ನ ಕಥೆ, ಇದನ್ನು ಕೆಡಿಸಬೇಡಿರೆಂದು ಮುನಿಯುವವನಿಗೆ ಅದು ತನ್ನದೆಂಬ ಅಭಿಮಾನವಾದರೂ ಇರುವುದು. ಯಾರೂ ಮುನಿಯದಂತಾದರೆ ಆ ಕಥೆಗೆ ಒಡೆಯರೇ ಇಲ್ಲವೆಂದು ತಿಳಿಯಬೇಕು.

ಈಗ ನಮ್ಮ ಮನೆಯ ಸಂಗತಿಗೆ ಬರೋಣ. ಪುರಾಣವನ್ನು ಎಲೆಯಾಟಕ್ಕೆ ಬೆರಸುವ ಕೆಲಸವನ್ನು ನಮ್ಮವರು ಅಮೆರಿಕಾದವರಿಗಿಂತ ಬಹು ಮೊದಲೇ ಮಾಡಿದ್ದರು. ಪಾರಸಿ ದೇಶದ ಗಂಜೀಫವೆಂಬ ಆಟವನ್ನು ಮೊಗಲರು ಇಲ್ಲಿಗೆ ತಂದರು. ೧೫೨೭ರಲ್ಲಿ ಬಾಬರನು ಸಿಂಧದ ದೊರೆಗೆ ಗಂಜೀಫದ ಎಲೆಗಳನ್ನು ಕಳುಹಿಸಿದನೆಂದು ಅವನ ಆತ್ಮಚರಿತ್ರೆಯಲ್ಲಿಯೇ ಇದೆ. ಮೊಗಲರ ಕಟ್ಟಿನಲ್ಲಿ ಎಂಟು ಬಣ್ಣಗಳು, ೯೬ ದುಂಡು ಎಲೆಗಳು. ಹಿಂದೂಗಳು ಅದನ್ನು ಸ್ವೀಕರಿಸಿ, ಹತ್ತು ಬಣ್ಣಗಳನ್ನು ಮಾಡಿ, ಮತ್ಸ್ಯದಿಂದ ಕಲ್ಕಿಯವರೆಗೆ ಒಂದೊಂದು ಬಣ್ಣವನ್ನು ಒಂದೊಂದು ಅವತಾರಕ್ಕೆ ಕೊಟ್ಟರು. ಪ್ರತಿ ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು ೧೨೦. ಮೂವರು ಕುಳಿತರೆ ತಲೆಗೆ ೪೦. ಐದು ಬಣ್ಣಗಳಲ್ಲಿ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದೇ ದೊಡ್ಡದು. ಬಿದ್ದ ಎಲೆಗಳನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳಲಾರದವನಿಗೆ ಗೆಲುವಿಲ್ಲ. ಹಗಲಿನಲ್ಲಿ ಆಡಿದರೆ ರಾಮನ ರಾಜನನ್ನು ಹಿಡಿದವನು ಮೊದಲಿಡಬೇಕು. ದೀಪ ಹಚ್ಚಿದ ಮೇಲಾದರೆ ಕೃಷ್ಣನ ರಾಜನನ್ನು ಹಿಡಿದವನು. ಈ ನಿಯಮವನ್ನು ಕಲ್ಪಿಸಿದವನ ರಸಿಕತೆಗೆ ನಾವು ತಲೆದೂಗುತ್ತೇವೆ.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಇನ್ನೂ ಮುಂದಕ್ಕೆ ಕೊಂಡೊಯ್ದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಹದಿಮೂರು ಬಗೆಯ ಎಲೆಯಾಟಗಳ ವಿವರಣೆಯಿರುವುದು. ಅವುಗಳಿಗೆ ಅರಸರು ಇಟ್ಟ ಹೆಸರು ‘ಛದ’. ಸಂಸ್ಕೃತದಲ್ಲಿ ಹಾಗೆಂದರೆ ಎಲೆಯೆಂದೇ ಅರ್ಥ. ಚಾಮುಂಡೇಶ್ವರಿ ಛದ, ನವಗ್ರಹ ಛದ, ಪಂಚಪಾಂಡವ ಛದ ಮುಂತಾದ ಇವುಗಳಲ್ಲಿ ಎಲೆಗಳ ಸಂಖ್ಯೆ ೩೬ರಿಂದ ೩೬೦ರವರೆಗೆ. ಶ್ರೀಮಂತರಿಗೆ ದಂತದ ಮೇಲೆ ಬರೆದ ದರ್ಬಾರ್ ಕಲಮು. ಸಾಮಾನ್ಯರಿಗೆ ಬಟ್ಟೆಗೂ ಕಾಗದಕ್ಕೂ ಅಂಟು ಬಳಿದು ಅರಗು ಹಾಕಿದ ಬಜಾರ್ ಕಲಮು. ನಮ್ಮ ಕಾಲದಲ್ಲಿ ಗಂಜೀಫ ರಘುಪತಿ ಭಟ್ಟರು ನಮ್ಮ ಜಿಲ್ಲೆಯದೇ ಆದ ಶ್ರೀರಂಗಪಟ್ಟಣದಲ್ಲಿ ನೆಲಸಿ ಈ ಚಿತ್ರಕಲೆಗೆ ಮರುಜೀವ ಕೊಟ್ಟರು. ಮೈಸೂರಿನ ಗಂಜೀಫಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ.

ಇಷ್ಟಾದರೂ ಫಲವೇನು? ಚಿತ್ರ ಉಳಿಯಿತು, ಆಟ ಹೋಯಿತು. ಬಾಲ್ಯದಲ್ಲಿ ನಾವು ಓದುತ್ತಿದ್ದ ಪಾಠಶಾಲೆಯ ಪಂಡಿತರೊಬ್ಬರ ಮನೆಯಲ್ಲಿ ಒಂದು ಮರದ ಪೆಟ್ಟಿಗೆಯಿದ್ದಿತು. ಅದರೊಳಗಿನ ದುಂಡು ಬಿಲ್ಲೆಗಳನ್ನು ನಾವು ಹುಡುಗರು ಜಗಲಿಯ ಮೇಲೆ ಗಾಲಿಗಳಂತೆ ಉರುಳಿಸಿ ಪಂದ್ಯ ಕಟ್ಟುತ್ತಿದ್ದೆವು. ಅದು ಏನೆಂದು ಕೇಳಿದರೆ, ತಮ್ಮ ಅಜ್ಜನವರು ಆಡುತ್ತಿದ್ದರು, ಹೇಗೆಂದು ತಿಳಿಯದು ಎಂದು ಪಂಡಿತರು ಹೇಳಿದರು. ಅವರೆದುರಿಗೇ ವರಾಹನ ಮಂತ್ರಿಯನ್ನು ನಾವು ಚರಂಡಿಗೆ ಉರುಳಿಸಿದೆವು. ಆ ನಾಚಿಕೆ ಈಗಲೂ ನಮ್ಮನ್ನು ಬಿಟ್ಟಿಲ್ಲ.

ಅಮೆರಿಕಾದ ಬೆರಕೆಯಲ್ಲಿ ನಮಗೆ ಒಪ್ಪದ ಅಂಶವೊಂದುಂಟು. ಅಲ್ಲಿ ಕಥೆಯೂ ಆಟವೂ ಒಬ್ಬನೇ ವರ್ತಕನ ಬೀಗದ ಕೈಯಲ್ಲಿವೆ. ಮುಚ್ಚಿದ ಪೊಟ್ಟಣವನ್ನು ಕೊಳ್ಳಬೇಕು. ಒಳಗೆ ಯಾವ ಎಲೆಯಿದೆಯೆಂಬುದು ಕೊಂಡವನ ಅದೃಷ್ಟ. ಇದಕ್ಕೂ ಲಾಟರಿಗೂ ದೂರವೆಷ್ಟು? ನಮ್ಮ ದಶಾವತಾರಕ್ಕೆ ಅಂತಹ ಯಜಮಾನನಿಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಆಡಬಹುದು. ಆದರೆ ನ್ಯಾಯವನ್ನು ಮರೆಯಬಾರದು. ಆ ವರ್ತಕನು ತನ್ನ ಆಟಕ್ಕೆ ನಿಯಮಗಳನ್ನು ಬರೆಯಿಸಿದನು, ಪಂದ್ಯಗಳನ್ನು ನಡೆಯಿಸಿದನು, ಪ್ರತಿ ಎಲೆಯ ಮೇಲೂ ಚಿತ್ರಗಾರನ ಹೆಸರನ್ನು ಅಚ್ಚುಹಾಕಿದನು. ಯಜಮಾನನಿಲ್ಲದ ನಮ್ಮ ಸ್ವತ್ತನ್ನು ನಾವು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ನಮ್ಮ ಮಕ್ಕಳು ಕಳಾವರ್ ಗುಲಾಮನನ್ನು ಬಲ್ಲರು, ಪರದೇಶದ ಘಟಸರ್ಪವನ್ನು ಬಲ್ಲರು. ಕೂರ್ಮನ ಮಂತ್ರಿಯನ್ನು ಅರಿಯರು. ಇದಕ್ಕಾಗಿ ಪರರನ್ನು ದೂರುವುದು ಅಪ್ರಾಮಾಣಿಕತೆ.

ದೇವರ ರೂಪವನ್ನು ಜೂಜಿನ ಎಲೆಯ ಮೇಲೆ ಇಡುವುದು ಅಪಚಾರವಲ್ಲವೇ ಎಂದು ಆಸ್ತಿಕರು ಕೇಳಬಹುದು. ಗಂಜೀಫವನ್ನು ಹಣವಿಟ್ಟು ಆಡಿದವರೂ ಇದ್ದರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ವರ್ಷ ‘ಕುರುಕ್ಷೇತ್ರ’ವನ್ನು ಆಡುವ ನಮ್ಮ ಹಳ್ಳಿಗರಿಗೆ ಇದರ ಉತ್ತರ ಗೊತ್ತು: ಧರ್ಮರಾಯನ ಕೇಡಿಗೆ ಕಾರಣ ದಾಳವಲ್ಲ, ಪಣ. ಕಾನೂನಿನ ದೃಷ್ಟಿಯೂ ಇದಕ್ಕೆ ದೂರವಲ್ಲ. ರಮ್ಮಿಯು ಬಹುಮಟ್ಟಿಗೆ ಕೌಶಲದ ಆಟವೆಂದು ಸುಪ್ರೀಂ ಕೋರ್ಟು ೧೯೬೭ರಲ್ಲಿಯೇ ತೀರ್ಪುಕೊಟ್ಟಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಕೇಂದ್ರವು ೨೦೨೫ರ ಆಗಸ್ಟಿನಲ್ಲಿ ಮಾಡಿತು. ನಿಷೇಧದಿಂದ ಒಂದು ಬಾಗಿಲು ಮುಚ್ಚುವುದು. ಸಂಜೆ ಕಳೆಯುವ ಬಗೆಯಂತೂ ದೊರೆಯದು. ತೋಟದ ಮನೆಯ ಹಿಂದೆ ಸಿಕ್ಕಿಬೀಳುವ ತರುಣರಲ್ಲಿ ಎಷ್ಟೋ ಮಂದಿ ಮಾಡಲು ಬೇರೆ ಕೆಲಸವಿಲ್ಲದೆ ಅಲ್ಲಿಗೆ ಹೋದವರೆಂಬುದು ಅವರ ತಂದೆತಾಯಿಗಳಿಗೂ ಗೊತ್ತು, ಠಾಣೆಯವರಿಗೂ ಗೊತ್ತು.

ನಮ್ಮ ಸೂಚನೆ ಸರಳವಾದುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ೧೨೦ ಎಲೆಗಳ ದಶಾವತಾರದ ಕಟ್ಟೊಂದನ್ನು, ಕನ್ನಡದಲ್ಲಿ ಬರೆದ ನಿಯಮಗಳೊಡನೆ, ಬಡವನ ಮಗನೂ ಕೊಳ್ಳಬಹುದಾದ ಬೆಲೆಗೆ ಅಚ್ಚುಹಾಕಿಸಲಿ. ಚಿತ್ರ ಬರೆದವನಿಗೆ ಹೆಸರೂ ಸಲ್ಲಲಿ, ಹಣವೂ ಸಲ್ಲಲಿ. ಮಂಡ್ಯ, ಮದ್ದೂರು, ಮಳವಳ್ಳಿಯ ಗ್ರಂಥಾಲಯಗಳಲ್ಲಿ ಒಂದೊಂದು ಮೇಜು ಇದಕ್ಕೆ ಮೀಸಲಾಗಲಿ. ಉಪಾಧ್ಯಾಯರು ಕಲಿತು ಕಲಿಸಲಿ. ಜಾತ್ರೆಗಳಲ್ಲಿ ಕುಸ್ತಿಗೆ ಅಖಾಡವಿರುವಂತೆ ಈ ಆಟಕ್ಕೂ ಒಂದು ಚಪ್ಪರವಿರಲಿ. ಗೆದ್ದವನಿಗೆ ಹಣ ಬೇಡ, ಹಾರ ಸಾಕು. ಸರಕಾರವು ತಡಮಾಡಿದರೆ ನಮ್ಮ ಅಕ್ಕಿ ಗಿರಣಿಯ ಮಾಲೀಕರೂ ಬೆಲ್ಲದ ವರ್ತಕರೂ ಸೇರಿ ಮೊದಲನೆಯ ಸಾವಿರ ಕಟ್ಟುಗಳ ವೆಚ್ಚವನ್ನು ಹೊರಲಾರರೇ? ಒಂದು ನಾಟಕದ ಸೀನರಿಗೂ ದೀಪಕ್ಕೂ ಕೈಬಿಚ್ಚಿ ಕೊಡುವ ಮಹಾಜನರಿಗೆ ಇದು ಭಾರವಾಗದು.

ನಾಳೆ ಹೊಸ ಕಟ್ಟಿನಲ್ಲಿ ರಾಮನ ಬಣ್ಣ ಸರಿಯಿಲ್ಲವೆಂದು ಮಳವಳ್ಳಿಯವರು ಆಕ್ಷೇಪಿಸಲಿ. ಬಲರಾಮನಿರಬೇಕೋ ಬುದ್ಧನಿರಬೇಕೋ ಎಂದು ಮದ್ದೂರಿನವರು ವಾದಿಸಲಿ. ಎರಡು ಪಕ್ಷದವರೂ ನಮಗೆ ಪತ್ರ ಬರೆದು ಜಗಳವಾಡಲಿ. ಆ ಪತ್ರಗಳನ್ನು ನಾವು ಸಂತೋಷದಿಂದ ಅಚ್ಚುಹಾಕುವೆವು.