ಹಾಡುವ ಯಂತ್ರಕ್ಕೊಂದು ಅಡಿಗಲ್ಲು

ಮಲ್ಲಿಕಾರ್ಜುನ ಮನ್ಸೂರರು 1992ರಲ್ಲಿ ಗತಿಸಿದರು. ಅವರ ಕಂಠವು ಮನೆಮನೆಯ ಹಳೆಯ ತಟ್ಟೆಗಳಲ್ಲಿ ಇನ್ನೂ ಉಳಿದಿರುವದು. ಹಾಡಿನ ನಡುವೆ ‘ಗುಂಯ್’ ಎಂಬ ಸದ್ದು ಕೇಳಿಬಂದರೆ ವಾಚಕರು ಕೂಡಲೆ ತಟ್ಟೆಯನ್ನು ದೂರಬಾರದು. 1948ರಲ್ಲಿ ಬಳಕೆಗೆ ಬಂದ ನಿಧಾನಸುತ್ತಿನ ತಟ್ಟೆಗಳ ಗೆರೆಯು ಕೂದಲೆಳೆಯಷ್ಟು ಸಣ್ಣದು. ಅದರಲ್ಲಿ ಓಡುವ ಮುಳ್ಳು ಮೇಜಿನ ನಡುಕವನ್ನೂ ಹಾಡೆಂದೇ ಎಣಿಸುವದು. ಧ್ವನಿವರ್ಧಕವೂ ಅದೇ ಮೇಜಿನ ಮೇಲಿದ್ದರೆ, ಅದರ ಅದುರು ಮುಳ್ಳನ್ನು ಮುಟ್ಟಿ, ಮತ್ತೆ ವರ್ಧಕದಿಂದ ಹೊರಟು, ಸುತ್ತುತ್ತ ಬೆಳೆಯುವದು.

ಆದುದರಿಂದ ಮೊದಲು ಧ್ವನಿವರ್ಧಕವನ್ನು ಬೇರೆ ಪೀಠದ ಮೇಲೆ ಇಡತಕ್ಕದ್ದು. ಬಳಿಕ ಕಂಬಳಿಯ ತುಂಡನ್ನು ಮಡಿಸಿ ಹಾಸಿ, ಅದರ ಮೇಲೆ ಭಾರವಾದ ಹಾಸುಗಲ್ಲನ್ನು ಇರಿಸಬೇಕು. ಬಟ್ಟಲಲ್ಲಿ ನೀರಿಟ್ಟು ಕಲ್ಲಿನ ಮಟ್ಟ ನೋಡಿ, ಬಟ್ಟಲನ್ನು ತೆಗೆದ ಮೇಲೆಯೇ ಯಂತ್ರವನ್ನು ಕೂಡಿಸಿರಿ. ಭಾರದ ಕಲ್ಲು ಸುಲಭವಾಗಿ ಅದುರದು. ಉಳಿದ ಅದುರನ್ನು ಕಂಬಳಿ ನುಂಗುವದು. ಹಾಸು ತೀರ ಮೆತ್ತಗಾದರೆ ಯಂತ್ರವು ವಾಲುವದು. ಮಮದಾಪುರದ ಕಡೆಯ ಹಳೆಯ ಮನೆಯಲ್ಲಿ ದಪ್ಪ ಗೋಡೆಯ ಅಗಲವಾದ ಮಾಡವಿದ್ದರೆ ಅದೇ ಉತ್ತಮ ಸ್ಥಳ. ನಡೆದಾಡುವವರ ಹೆಜ್ಜೆಯ ನಡುಕ ಅಲ್ಲಿಗೆ ತಲುಪುವದು ಕಡಿಮೆ.

ಕೊನೆಗೆ, ನಿಂತ ತಟ್ಟೆಯ ಮೇಲೆ ಮುಳ್ಳನ್ನಿರಿಸಿ, ಧ್ವನಿಯನ್ನು ತುಸುವೇ ಏರಿಸಿ, ಮೇಜನ್ನು ಬೆರಳಿನಿಂದ ತಟ್ಟಿರಿ. ವರ್ಧಕದ ‘ಧಬ್’ ಸದ್ದು ಮೊದಲಿಗಿಂತ ಕುಗ್ಗಿದ್ದರೆ ಕೆಲಸ ಕೈಗೂಡಿತೆಂದು ತಿಳಿಯಬಹುದು.