ಎರಡು ಬೀಗ, ಒಂದು ನಂಬರ್

ಬೆಳಿಗ್ಗೆ ಮೋಕದ ಬಸ್ ನಿಲ್ಲುವ ಜಾಗಕ್ಕೆ ಬಂದು ನೋಡಿ, ಮಕ್ಕಳೇ. ಬಳ್ಳಾರಿಗೆ ಕೆಲಸಕ್ಕೆ ಹೋಗುವವರು ಸುತ್ತಲ ಹಳ್ಳಿಗಳಿಂದ ಗಾಡಿಯ ಮೇಲೆ ಬರುತ್ತಾರೆ. ನೆರಳು ಸಿಕ್ಕಲ್ಲಿ ನಿಲ್ಲಿಸಿ ಬಸ್ ಹತ್ತುತ್ತಾರೆ. ಹತ್ತುವ ಅವಸರದಲ್ಲೇ "ತಾತ, ಸ್ವಲ್ಪ ಗಾಡಿ ನೋಡ್ತಾ ಇರ್ರಿ" ಎಂದು ಕೂಗುತ್ತಾರೆ. ನಾನು ತಲೆ ಆಡಿಸುತ್ತೇನೆ. ಆದರೆ ಬಿಸಿಲೇರಿದಂತೆ ತಾತ ಮನೆ ಸೇರುತ್ತಾನೆ. ಗಾಡಿ ಮಾತ್ರ ಸಂಜೆಯವರೆಗೆ ಬೀದಿಯಲ್ಲಿ ಒಂಟಿ. ಅದನ್ನು ಕಾಯುವುದು ಯಾರು?

ಈ ಪ್ರಶ್ನೆಗೆ ಉತ್ತರ ಕಲಿಯುವ ಮೊದಲು ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತವಾಗಿ ಸೈಕಲ್ ಕೊಡತೊಡಗಿತು. ಆ ಸೈಕಲ್‌ಗಳ ಕಾಲದಲ್ಲಿ ನಡೆದ ಸಂಗತಿ ಇದು. ಪಕ್ಕದ ಮನೆಯ ಹುಡುಗಿಗೂ ಒಂದು ಬಂದಿತ್ತು. ಶಾಲೆಯ ಗೋಡೆಗೆ ಒರಗಿ ಸಾಲಾಗಿ ನಿಂತರೆ ಎಲ್ಲವೂ ಒಂದೇ ಬಣ್ಣ, ಒಂದೇ ಅಚ್ಚು. ಒಂದು ದಿನ ಅವಳು ಬೀಗ ಹಾಕುವುದನ್ನು ಮರೆತಳು. ಸಂಜೆ ನೋಡಿದರೆ ಸೈಕಲ್ ಇಲ್ಲ. ಅಳುತ್ತಾ ನನ್ನ ಹತ್ತಿರ ಬಂದಳು.

ಇಬ್ಬರೂ ಹುಡುಕಿಕೊಂಡು ಹೊರಟೆವು. ಪಂಚರ್ ಅಂಗಡಿಯಲ್ಲಿ ಅಂಥದೇ ಸೈಕಲ್ ನಿಂತಿತ್ತು. "ಇದೇ ಇರಬೇಕು ತಾತ" ಎಂದಳು ಹುಡುಗಿ. ಕೆಲಸದ ಹುಡುಗ, "ಇಲ್ರೀ, ಬೇರೆಯವರು ಪಂಚರ್‌ಗೆ ಬಿಟ್ಟು ಹೋಗ್ಯಾರ" ಎಂದ. ನಾನು ಕೇಳಲಿಲ್ಲ. ದೊಡ್ಡ ದನಿಯಲ್ಲಿ ಗದರಿದೆ. ನಾಲ್ಕು ಜನ ಸೇರಿದರು. "ಕಳ್ಳ" ಎಂಬ ಮಾತೂ ನನ್ನ ಬಾಯಿಂದಲೇ ಬಂತು. ಆ ಹುಡುಗ ನೀರಿನ ಬುಟ್ಟಿಯ ಪಕ್ಕ ಒದ್ದೆ ಟ್ಯೂಬ್ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದ. ನಾವು ಸೈಕಲ್ ತಳ್ಳಿಕೊಂಡು ಮನೆಗೆ ಬಂದೆವು.

ಮರುದಿನ ನಿಜ ತಿಳಿಯಿತು. ಇನ್ನೊಬ್ಬ ಹುಡುಗಿ ಜ್ವರ ಬಂದು ಮಧ್ಯಾಹ್ನವೇ ಮನೆಗೆ ಹೋಗಿದ್ದಳು. ಅವಳ ಸೈಕಲ್ ತರಲು ತಮ್ಮ ಬಂದಿದ್ದ. ಕೀಲಿ ಕೇಳುವುದನ್ನೂ ಮರೆತ ಆ ಪುಟ್ಟ, ಬೀಗವಿಲ್ಲದ ಸೈಕಲ್ ಕಂಡದ್ದೇ ತಮ್ಮದೆಂದುಕೊಂಡು ತಳ್ಳಿಕೊಂಡು ಹೋಗಿದ್ದ. ನಾವು ತಂದದ್ದು ಯಾರದೋ. ಕಳ್ಳತನವೇ ಆಗಿರಲಿಲ್ಲ. ಆದರೆ ಒಬ್ಬ ಕಳ್ಳನನ್ನು ಮಾತ್ರ ನಾನು ಮಾಡಿಬಿಟ್ಟಿದ್ದೆ.

ಅಂಗಡಿಗೆ ಹೋಗಿ ತಪ್ಪಾಯಿತಪ್ಪ ಎಂದೆ. ಅವನು ಏನೂ ಬೈಯಲಿಲ್ಲ. ಒಂದು ಸೈಕಲ್ ತಿರುವಿ ಹಾಕಿ, ಪೆಡಲ್ ಇರುವಲ್ಲಿ ಕೆಳಗೆ ಒತ್ತಿದ ಅಂಕಿಗಳನ್ನು ತೋರಿಸಿದ. "ಕೆಲವಕ್ಕೆ ಸೀಟಿನ ಕೊಳವೆ ಮೇಲೆ ಇರ್ತದ ತಾತ. ಈ ನಂಬರ್ ಬರಕೊಂಡಿದ್ರೆ ನಿನ್ನೆನೇ ಗೊತ್ತಾಗ್ತಿತ್ತು" ಎಂದ. ಬ್ಯಾಂಕಿನಲ್ಲಿ ಇಡೀ ಆಯುಷ್ಯ ಖಾತೆ ನಂಬರ್ ನೋಡದೆ ಒಂದು ರೂಪಾಯಿ ಮುಟ್ಟದಿದ್ದವನು ನಾನು. ಸೈಕಲ್‌ಗೂ ನಂಬರ್ ಇರುತ್ತದೆಂದು ಆ ಹುಡುಗನಿಂದ ಕಲಿತೆ.

ಬ್ಯಾಂಕಿನ ಇನ್ನೊಂದು ಪದ್ಧತಿಯನ್ನೂ ಹೇಳುತ್ತೇನೆ. ಹಣವಿಡುವ ತಿಜೋರಿಗೆ ಎರಡು ಕೀಲಿ. ಇಬ್ಬರ ಹತ್ತಿರ ಒಂದೊಂದು. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಬೀದಿಯ ಗಾಡಿಗೂ ಇದೇ ಲೆಕ್ಕ. ಹ್ಯಾಂಡಲ್ ಲಾಕ್ ಒಂದು, ಚಕ್ರಕ್ಕೊಂದು ಬೀಗ. ಸರಪಳಿಯನ್ನು ಬರೀ ಚಕ್ರಕ್ಕೆ ಸುತ್ತಿದರೆ ಗಾಡಿಯನ್ನು ಎತ್ತಿ ಆಟೋಗೆ ಹಾಕಿಕೊಂಡು ಹೋಗಬಹುದು. ಅದನ್ನು ಕಂಬಕ್ಕೋ ಕಬ್ಬಿಣದ ಕಂಬಿಗೋ ಸೇರಿಸಿ ಬಿಗಿಯಬೇಕು. ಸೈಕಲ್ ಆದರೆ ಚೌಕಟ್ಟನ್ನೂ ಸೇರಿಸಿ. ಗಟ್ಟಿ ಬೀಗವನ್ನೂ ಒಡೆಯಬಹುದು, ನಿಜ. ಆದರೆ ಕಳ್ಳನಿಗೆ ಬೇಕಾದದ್ದು ಸಮಯ. ಎರಡನೇ ಬೀಗ ಅದನ್ನೇ ಕಸಿದುಕೊಳ್ಳುತ್ತದೆ. ಬೆಳಕಿರುವ, ನಾಲ್ಕು ಜನ ಓಡಾಡುವ ಜಾಗವೂ ಅದೇ ಕೆಲಸ ಮಾಡುತ್ತದೆ.

"ಒಂದು ನಿಮಿಷ, ಬೀಡಿ ಕಟ್ಟು ತಗೊಂಡು ಬಂದೆ" ಎಂದು ಕೀ ಗಾಡಿಯಲ್ಲೇ ಬಿಟ್ಟು ಹೋಗುವ ತಾತಂದಿರಿದ್ದಾರೆ. ಮೊಮ್ಮಕ್ಕಳೇ, ಆ ಕೀ ತೆಗೆದು ತಾತನ ಜೇಬಿಗೆ ಹಾಕುವುದು ನಿಮ್ಮ ಕೆಲಸ. ಆರ್‌ಸಿ, ಪಾಸ್‌ಬುಕ್, ಹಣ ಡಿಕ್ಕಿಯಲ್ಲಿ ಬೇಡ. ಆರ್‌ಸಿಯನ್ನು ಮೊಬೈಲಿನ ಡಿಜಿಲಾಕರ್‌ನಲ್ಲಿ ಇಟ್ಟುಕೊಂಡು ತೋರಿಸಬಹುದು.

ಅಜ್ಜಂದಿರಿಗೆ ಒಂದು ಮಾತು. ಕಾನೂನು ಕಡ್ಡಾಯ ಮಾಡಿದ ಥರ್ಡ್ ಪಾರ್ಟಿ ವಿಮೆ ಗಾಡಿ ಕಳುವಾದರೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಕಳವಿಗೂ ಸೇರಿದ ವಿಮೆ ಬೇರೆ. ಪಾಲಿಸಿಯಲ್ಲಿ ಐಡಿವಿ ಎಂದು ಬರೆದಿರುವ ಮೊತ್ತದ ಲೆಕ್ಕದಲ್ಲಿ ಅದು ಪರಿಹಾರ ಕೊಡುತ್ತದೆ. ಆಗ ವಿಮೆಯವರು ಎರಡೂ ಕೀ ಕೇಳುತ್ತಾರೆ. ಆದ್ದರಿಂದ ಎರಡನೆಯ ಕೀ ಮನೆಯ ಕಪಾಟಿನಲ್ಲಿ ಇರಲಿ.

ಗಾಡಿ ಕಾಣದಿದ್ದರೆ ಸಂಬಂಧಿಕರ ಊರೆಲ್ಲ ಸುತ್ತಿ ನಾಲ್ಕು ದಿನ ಕಳೆಯಬೇಡಿ. ಕೂಡಲೇ 112ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ ದೂರು ಕೊಡಿ. ಗಾಡಿಯ ನಂಬರ್ ಜೊತೆಗೆ ಎಂಜಿನ್ ನಂಬರ್, ಚಾಸಿ ನಂಬರ್ ಬರೆಸಿ. ಕಳ್ಳ ನಂಬರ್ ಪ್ಲೇಟ್ ಬದಲಿಸಬಹುದು, ಕಬ್ಬಿಣದಲ್ಲಿ ಕೊರೆದದ್ದನ್ನು ಅಳಿಸುವುದು ಅಷ್ಟು ಸುಲಭವಲ್ಲ. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಉಚಿತ. ವಿಮೆಯವರಿಗೂ ಅಂದೇ ತಿಳಿಸಿ. ದೂರು ಕೂಡಲೇ ದಾಖಲಾಗಿದ್ದರೆ, ವಿಮೆಯವರಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಇಟಲಿಯಲ್ಲಿ 1948ರಲ್ಲಿ ವಿಟ್ಟೋರಿಯೊ ಡಿ ಸಿಕಾ ಎಂಬವರು 'ಬೈಸಿಕಲ್ ಥೀವ್ಸ್' ಎಂಬ ಚಿತ್ರ ಮಾಡಿದರು. ಗೋಡೆಗೆ ಪೋಸ್ಟರ್ ಅಂಟಿಸುವ ಬಡವನೊಬ್ಬನ ಸೈಕಲ್ ಕಳುವಾಗುತ್ತದೆ. ಸೈಕಲ್ ಇಲ್ಲದಿದ್ದರೆ ಆ ಕೆಲಸವಿಲ್ಲ. ಪುಟ್ಟ ಮಗನ ಜೊತೆ ರೋಮ್ ನಗರವೆಲ್ಲ ಹುಡುಕುತ್ತಾನೆ. ಕೊನೆಗೆ ದಿಕ್ಕು ತೋಚದೆ ತಾನೇ ಒಂದು ಸೈಕಲ್ ಕದಿಯಲು ಹೋಗಿ, ಮಗನ ಕಣ್ಣೆದುರೇ ಸಿಕ್ಕಿಬೀಳುತ್ತಾನೆ. ನಮ್ಮಲ್ಲೂ ಹಾಲಿನ ಕ್ಯಾನ್ ಹೊರುವ, ತರಕಾರಿ ಮಾರುವ ಸಣ್ಣ ಗಾಡಿ ಒಂದು ಮನೆಯ ಅನ್ನ. ಅದು ಹೋದರೆ ಹೋಗುವುದು ಬರೀ ಕಬ್ಬಿಣವಲ್ಲ.

ಈ ಭಾನುವಾರ ತಾತ ಮೊಮ್ಮಕ್ಕಳು ಒಟ್ಟಿಗೆ ಒಂದು ಕೆಲಸ ಮಾಡಿ. ಮನೆಯ ಸೈಕಲ್ಲು, ಗಾಡಿಗಳ ನಂಬರ್‌ಗಳನ್ನೆಲ್ಲ ಹುಡುಕಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಕನ್ನಡಕವಿಲ್ಲದೆ ತಾತನಿಗೆ ಅಂಕಿ ಕಾಣಿಸುವುದಿಲ್ಲ, ನೀವು ಓದಿ, ತಾತ ಬರೆಯಲಿ. ವಸ್ತು ಕಳೆದಾಗ ಆ ಪುಟ ನಿಮ್ಮ ಗಾಡಿಯನ್ನು ಹುಡುಕಿಕೊಡಬಹುದು. ಹುಡುಕಿಕೊಡದಿದ್ದರೂ, ಪಂಚರ್ ಅಂಗಡಿಯ ಯಾವುದೋ ಹುಡುಗನ ಮರ್ಯಾದೆಯನ್ನಂತೂ ಉಳಿಸುತ್ತದೆ.